ಒಂದೇ ಮಗು, ಮೂರು ರಿಪೋರ್ಟು: ಬಾಳೆಹೊನ್ನೂರು ಸುತ್ತಿನ ಒಂದು ಪ್ರಕರಣ ಅಧ್ಯಯನ

ಈ ಪ್ರಕರಣ ಚಿಕ್ಕಮಗಳೂರು ಜಿಲ್ಲೆಯ ಎನ್.ಆರ್. ಪುರ ತಾಲ್ಲೂಕಿನ ಬಾಳೆಹೊನ್ನೂರು ಸುತ್ತಿನ ಒಂದು ಕೂಡುಕುಟುಂಬದ ನಾಲ್ಕು ವರ್ಷದ ಹೆಣ್ಣುಮಗುವಿನದು. ಯಾವ ಕಾಯಿಲೆಯೂ ಇಲ್ಲದ ಈ ಮಗು ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಮನೆಯವರ ಕಣ್ಣಿನಲ್ಲಿ ರೋಗಿಯಾಗಿ, ಅದಕ್ಕಿಂತಲೂ ಹೆಚ್ಚಾಗಿ ರೋಗ ಹರಡುವವಳಾಗಿ ದಿನ ಕಳೆಯಬೇಕಾಯಿತು. ಅದಕ್ಕೆ ಕಾರಣವಾದದ್ದು ಒಂದಕ್ಕೊಂದು ತಾಳೆಯಾಗದ ಮೂರು ಕಲ್ಚರ್ ರಿಪೋರ್ಟುಗಳು, ಅಂದರೆ ಮೂಗು-ಗಂಟಲಿನ ಮಾದರಿಯಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡಿದ ವರದಿಗಳು. ಅವುಗಳಲ್ಲಿ ಯಾವುದು ಸುಳ್ಳು ಎಂಬ ಪ್ರಶ್ನೆಯನ್ನು ಹೊತ್ತು ಮಗುವಿನ ತಂದೆ ನಮ್ಮ ಮಕ್ಕಳ ಚಿಕಿತ್ಸಾಲಯಕ್ಕೆ ಬಂದಿದ್ದರು. ಆರೋಗ್ಯವಂತ ಮಕ್ಕಳ ಮೂಗು ಮತ್ತು ಗಂಟಲಿನಲ್ಲಿ ಕೇಡಿಲ್ಲದೆ ನೆಲೆಸಿರುವ ಬ್ಯಾಕ್ಟೀರಿಯಾಗಳು ತಮ್ಮತಮ್ಮೊಳಗೇ ಎಷ್ಟು ಭಿನ್ನವಾಗಿರುತ್ತವೆ ಎಂಬುದನ್ನು ವಿವರಿಸದೆ ಆ ಪ್ರಶ್ನೆಗೆ ಉತ್ತರ ಕೊಡಲು ಸಾಧ್ಯವಿರಲಿಲ್ಲ. ಕುಟುಂಬದ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬಿಟ್ಟು, ಪ್ರಕರಣವನ್ನು ಇಲ್ಲಿ ದಾಖಲಿಸಿದ್ದೇನೆ.

ಹಿನ್ನೆಲೆ

ಮನೆಯಲ್ಲಿ ಅಜ್ಜ, ಅಜ್ಜಿ, ಇಬ್ಬರು ಗಂಡುಮಕ್ಕಳ ಸಂಸಾರ, ಶಾಲೆಗೆ ಹೋಗುವ ಇಬ್ಬರು ಹುಡುಗರು, ಅಂಗನವಾಡಿಗೆ ಹೋಗುವ ಈ ಹುಡುಗಿ ಮತ್ತು ಅವಳ ಎಳೆಯ ತಮ್ಮ ಇದ್ದಾರೆ. ಕೆಲವೇ ಎಕರೆ ಕಾಫಿ ಮತ್ತು ಅಡಿಕೆ ತೋಟವೇ ಜೀವನಾಧಾರ. ನವೆಂಬರ್ ಕೊನೆಯಲ್ಲಿ ಅರೇಬಿಕಾ ಕೊಯ್ಲು ಶುರುವಾಗಿ ದೊಡ್ಡವರೆಲ್ಲ ತೋಟದಲ್ಲಿದ್ದ ಸಮಯದಲ್ಲಿ ನಾಲ್ಕು ತಿಂಗಳ ತಮ್ಮನಿಗೆ ಕೆಮ್ಮು ಬಂತು. ಮೂರನೆಯ ದಿನ ಹಾಲು ಕುಡಿಯುವುದನ್ನು ಬಿಟ್ಟ. ಮನೆಗೆ ಬಂದ ಆಶಾ ಕಾರ್ಯಕರ್ತೆ ಒಂದು ನಿಮಿಷ ಪೂರ್ತಿ ಎಣಿಸಿದಾಗ ಉಸಿರಾಟ 62 ಇತ್ತು, ಪಕ್ಕೆ ಒಳಕ್ಕೆ ಸೆಳೆಯುತ್ತಿತ್ತು. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿನಲ್ಲಿ ನಿಮಿಷಕ್ಕೆ 50 ಅಥವಾ ಅದಕ್ಕಿಂತ ಹೆಚ್ಚು ಉಸಿರು ಎಂದರೆ ನ್ಯುಮೋನಿಯಾ ಎಂದು ಭಾವಿಸಿ ನಡೆಯಬೇಕು ಎಂಬುದನ್ನು ಆಕೆ ಮರೆತಿರಲಿಲ್ಲ. ಅಂದೇ ಸಂಜೆ ಮಗುವನ್ನು ಚಿಕ್ಕಮಗಳೂರಿನ ಆಸ್ಪತ್ರೆಗೆ ದಾಖಲಿಸಲಾಯಿತು. ಆಮ್ಲಜನಕ ಮತ್ತು ಇಂಜೆಕ್ಷನ್‌ಗಳಿಂದ ಚೇತರಿಸಿಕೊಂಡು ವಾರದೊಳಗೆ ಮನೆಗೆ ಮರಳಿದ. ರಕ್ತದ ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಎಳೆಯ ಮಕ್ಕಳ ನ್ಯುಮೋನಿಯಾದಲ್ಲಿ ಇದು ಸಾಮಾನ್ಯ ಸಂಗತಿ. ಕಾಯಿಲೆಗೆ ಕಾರಣವಾದದ್ದು ವೈರಸ್ಸೋ ಬ್ಯಾಕ್ಟೀರಿಯಾವೋ ಎಂಬುದು ಬಹಳ ಸಲ ತಿಳಿಯುವುದೇ ಇಲ್ಲ.

ಮಗುವನ್ನು ನೋಡಲು ಬಂದ ನೆಂಟರೊಬ್ಬರು, ಸದಾ ಮೂಗು ಸೋರುವ ಅಕ್ಕನಿಂದಲೇ ಇದು ಬಂದಿರಬೇಕು, ಅವಳನ್ನೂ ಪರೀಕ್ಷೆ ಮಾಡಿಸಿ ಎಂದರು. ಹುಡುಗಿಗೆ ನೆಗಡಿ ಇದ್ದದ್ದು ನಿಜ. ಮಲೆನಾಡಿನ ಚಳಿಗಾಲದಲ್ಲಿ ಆ ವಯಸ್ಸಿನ ಮಕ್ಕಳಿಗೆ ಇರುವಷ್ಟೇ ಇತ್ತು. ಆದರೂ ಖಾಸಗಿ ಪ್ರಯೋಗಾಲಯವೊಂದರಲ್ಲಿ ಅವಳ ಗಂಟಲಿನ ಸ್ವಾಬ್ ತೆಗೆಸಲಾಯಿತು.

ಮೂರು ರಿಪೋರ್ಟುಗಳು

ಡಿಸೆಂಬರ್‌ನ ಮೊದಲ ರಿಪೋರ್ಟಿನಲ್ಲಿ ಹಿಮೋಫಿಲಸ್ ಇನ್‌ಫ್ಲುಯೆಂಜೆ ಎಂಬ ಬ್ಯಾಕ್ಟೀರಿಯಾ ಹೇರಳವಾಗಿ ಬೆಳೆದಿದೆ, ಅದು ಆಂಟಿಬಯೋಟಿಕ್ ಆದ ಆಂಪಿಸಿಲಿನ್‌ಗೆ ಬಗ್ಗುವುದಿಲ್ಲ ಎಂದು ಬರೆದಿತ್ತು. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಸಿರಪ್ಪನ್ನು ಏಳು ದಿನ ಕೊಡಲಾಯಿತು. 'ಹೋಗಿದೆಯೋ ಇಲ್ಲವೋ' ನೋಡಲೆಂದು ಜನವರಿಯಲ್ಲಿ ಈ ಬಾರಿ ಮೂಗಿನ ಸ್ವಾಬ್ ತೆಗೆಸಿದರು. ಅದರಲ್ಲಿ ನ್ಯೂಮೊಕಾಕಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಬೆಳೆದಿತ್ತು. ಪೆನಿಸಿಲಿನ್‌ಗೆ ಬಗ್ಗುತ್ತದೆ, ಎರಿತ್ರೊಮೈಸಿನ್‌ಗೂ ಕೋಟ್ರೈಮಾಕ್ಸಜೋಲ್‌ಗೂ ಬಗ್ಗುವುದಿಲ್ಲ ಎಂದಿತ್ತು. ಮತ್ತೆ ಹತ್ತು ದಿನ ಇನ್ನೊಂದು ಆಂಟಿಬಯೋಟಿಕ್. ಫೆಬ್ರವರಿಯ ಮೂರನೆಯ ರಿಪೋರ್ಟು ಮರಳಿ ಗಂಟಲಿನದು. ಅದರಲ್ಲಿ ಮತ್ತೆ ಹಿಮೋಫಿಲಸ್ ಇನ್‌ಫ್ಲುಯೆಂಜೆ ಕಾಣಿಸಿಕೊಂಡಿತ್ತು, ಆದರೆ ಈ ಸಲ ಆಂಪಿಸಿಲಿನ್‌ಗೆ ಬಗ್ಗುತ್ತದೆ, ಕೋಟ್ರೈಮಾಕ್ಸಜೋಲ್‌ಗೆ ಬಗ್ಗುವುದಿಲ್ಲ ಎಂದಿತ್ತು.

ಇಷ್ಟರಲ್ಲಿ ಮಗುವಿಗೆ ಎರಡು ಸಲ ಭೇದಿಯಾಗಿ ತೂಕ ಇಳಿದಿತ್ತು. ಅಂಗನವಾಡಿ ಬಿಡಿಸಿದ್ದರು. ಅವಳ ತಟ್ಟೆ, ಲೋಟ, ಹಾಸಿಗೆ ಬೇರೆಯಾಗಿದ್ದವು, ತಮ್ಮನನ್ನು ಮುಟ್ಟುವಂತಿರಲಿಲ್ಲ. ನನ್ನನ್ನು ಕಲಕಿದ್ದು ರಿಪೋರ್ಟುಗಳಿಗಿಂತ ಹೆಚ್ಚಾಗಿ ಇದು. ಅಜ್ಜಿ ಕೇಳಿದ ಮೊದಲ ಮಾತೇ, "ಹಂಗಾದ್ರೆ ಮೇಡಂ, ನಮ್ಮ ಹುಡುಗಿ ಮೂಗಲ್ಲಿ ವಿಷ ಇಟ್ಕೊಂಡೇ ಓಡಾಡ್ತಿದಾಳಾ?" ತಂದೆಯ ಪ್ರಶ್ನೆ ಬೇರೆ ತರಹದ್ದು: "ಅದೇ ಹೆಸರಿನ ಬ್ಯಾಕ್ಟೀರಿಯಾ ಡಿಸೆಂಬರ್‌ನಲ್ಲಿ ಔಷಧಿಗೆ ಬಗ್ಗಲ್ಲ ಅಂತಿದೆ, ಫೆಬ್ರವರಿಯಲ್ಲಿ ಬಗ್ಗುತ್ತೆ ಅಂತಿದೆ. ಇದರಲ್ಲಿ ಯಾವುದು ಸುಳ್ಳು?"

ಮಗುವನ್ನು ಪರೀಕ್ಷಿಸಿದೆ. ಜ್ವರವಿರಲಿಲ್ಲ, ಎರಡೂ ಕಿವಿಪೊರೆಗಳು ಸ್ವಚ್ಛವಾಗಿದ್ದವು, ಎದೆ ಶುದ್ಧವಾಗಿತ್ತು, ಗಂಟಲು ಕೆಂಪಾಗಿರಲಿಲ್ಲ.

ಇರುವುದು ಮತ್ತು ಕಾರಣವಾಗುವುದು

ಮಗುವಿನ ಮೂಗಿನ ಹಿಂಭಾಗದಲ್ಲಿ, ಅಂದರೆ ಮೂಗು ಗಂಟಲಿಗೆ ಕೂಡುವ ಎಡೆಯಲ್ಲಿ, ನ್ಯೂಮೊಕಾಕಸ್, ಹಿಮೋಫಿಲಸ್ ಇನ್‌ಫ್ಲುಯೆಂಜೆ ಮತ್ತು ಮೊರಾಕ್ಸೆಲ್ಲಾ ಕಟಾರಾಲಿಸ್ ಎಂಬ ಮೂರು ಬಗೆಯ ಬ್ಯಾಕ್ಟೀರಿಯಾಗಳು ಹುಟ್ಟಿದ ಮೊದಲ ವರ್ಷದಿಂದಲೇ ಬಂದು ಹೋಗುತ್ತಿರುತ್ತವೆ. ಒಂದೊಂದು ತಳಿ ಕೆಲವು ವಾರ ಅಥವಾ ಕೆಲವು ತಿಂಗಳು ಇದ್ದು ಹೋಗುತ್ತದೆ, ಇನ್ನೊಂದು ಆ ಜಾಗಕ್ಕೆ ಬರುತ್ತದೆ. ಅಂಗನವಾಡಿಯ ವಯಸ್ಸಿನ ಮಕ್ಕಳಲ್ಲಿ ಇದು ಅತ್ಯಂತ ಹೆಚ್ಚು, ದೊಡ್ಡವರಾದಂತೆ ಕಡಿಮೆಯಾಗುತ್ತದೆ. ಇದನ್ನು ವಾಹಕ ಸ್ಥಿತಿ ಎನ್ನುತ್ತಾರೆ. ಈ ಬ್ಯಾಕ್ಟೀರಿಯಾಗಳು ಕಿವಿಗೆ, ಶ್ವಾಸಕೋಶಕ್ಕೆ ಅಥವಾ ರಕ್ತಕ್ಕೆ ಇಳಿದು ರೋಗ ತರಬಲ್ಲವು ಎಂಬುದು ಎಷ್ಟು ಸತ್ಯವೋ, ಬಹುಪಾಲು ಮಕ್ಕಳಲ್ಲಿ ಬಹುಪಾಲು ಕಾಲ ಅವು ಹಾಗೆ ಇಳಿಯದೆ ಸುಮ್ಮನಿದ್ದು ಹೋಗುತ್ತವೆ ಎಂಬುದೂ ಅಷ್ಟೇ ಸತ್ಯ.

ನ್ಯೂಮೊಕಾಕಸ್‌ನ ಚರಿತ್ರೆ ಶುರುವಾಗುವುದೇ ವಾಹಕ ಸ್ಥಿತಿಯಿಂದ. 1881ರಲ್ಲಿ ಈ ಬ್ಯಾಕ್ಟೀರಿಯಾವನ್ನು ಇಬ್ಬರು ಪ್ರತ್ಯೇಕವಾಗಿ ವರದಿ ಮಾಡಿದರು: ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್, ಅಮೆರಿಕದಲ್ಲಿ ಸೇನಾ ವೈದ್ಯ ಜಾರ್ಜ್ ಸ್ಟರ್ನ್‌ಬರ್ಗ್. ಸ್ಟರ್ನ್‌ಬರ್ಗ್ ಅದನ್ನು ಕಂಡುಕೊಂಡದ್ದು ತಮ್ಮದೇ ಎಂಜಲನ್ನು ಮೊಲಗಳಿಗೆ ಚುಚ್ಚಿ. ಮೊಲಗಳು ಸತ್ತವು, ಅವರು ಆರೋಗ್ಯವಾಗಿಯೇ ಇದ್ದರು. ಹಿಮೋಫಿಲಸ್‌ನ ಕಥೆ ಈ ಪ್ರಕರಣಕ್ಕೆ ಇನ್ನೂ ಹತ್ತಿರದ್ದು. 1892ರಲ್ಲಿ ಜರ್ಮನಿಯ ರಿಚರ್ಡ್ ಫೈಫರ್ ಫ್ಲೂ ರೋಗಿಗಳ ಕಫದಲ್ಲಿ ಇದನ್ನು ಕಂಡು, ಫ್ಲೂಗೆ ಇದೇ ಕಾರಣ ಎಂದು ಸಾರಿದರು. ಫ್ಲೂ ತರುವುದು ವೈರಸ್ ಎಂದು 1933ರಲ್ಲಿ ಖಚಿತವಾಗುವವರೆಗೆ ಆ ನಂಬಿಕೆ ಪೂರ್ತಿ ಅಳಿಯಲಿಲ್ಲ. ರೋಗ ಇರುವ ಮನೆಯಲ್ಲಿ ಮೂಗಿನಲ್ಲಿ ಸಿಕ್ಕಿದ್ದನ್ನೇ ರೋಗದ ಕಾರಣವೆಂದು ತೀರ್ಮಾನಿಸಿದ್ದು ಬಾಳೆಹೊನ್ನೂರಿನ ಈ ಕುಟುಂಬ ಮಾತ್ರವಲ್ಲ ಎಂದು ತಂದೆಗೆ ಹೇಳಿದಾಗ ಅವರ ಮುಖ ಸ್ವಲ್ಪ ಸಡಿಲವಾಯಿತು.

ಒಂದು ಕಾಲನಿಯ ಮಾತು

ತಂದೆಯ ಪ್ರಶ್ನೆಗೆ ಉತ್ತರ ಹುಡುಕುವಾಗ ಮೊದಲು ಪ್ರಯೋಗಾಲಯದಲ್ಲಿ ಏನು ನಡೆಯುತ್ತದೆ ಎಂದು ನೋಡಬೇಕು. ಸ್ವಾಬನ್ನು ಬ್ಯಾಕ್ಟೀರಿಯಾ ಬೆಳೆಸುವ ರಕ್ತದ ಅಗರ್ ಮತ್ತು ಚಾಕಲೇಟ್ ಅಗರ್ ತಟ್ಟೆಗಳ ಮೇಲೆ ಉಜ್ಜುತ್ತಾರೆ. ಕಾಯಿಸಿದ ರಕ್ತದಿಂದ ಕಂದುಬಣ್ಣ ಪಡೆಯುವ ಚಾಕಲೇಟ್ ಅಗರ್ ಹಿಮೋಫಿಲಸ್‌ಗೆ ಬೇಕು; ಏಕೆಂದರೆ ಅದು ರಕ್ತಕಣಗಳೊಳಗಿನ ಹೀಮಿನ್ ಮತ್ತು ಎನ್ಎಡಿ ಎಂಬ ಎರಡು ಪೋಷಕಗಳಿಲ್ಲದೆ ಬೆಳೆಯದು. ಮರುದಿನ ತಟ್ಟೆಯ ಮೇಲೆ ನೂರಾರು ಕಾಲನಿಗಳು, ಅಂದರೆ ಬ್ಯಾಕ್ಟೀರಿಯಾಗಳ ಚುಕ್ಕೆಯಂಥ ಗುಂಪುಗಳು, ಮೂಡಿರುತ್ತವೆ. ತಂತ್ರಜ್ಞರು ಸಂಶಯ ಹುಟ್ಟಿಸುವ ಒಂದು ಕಾಲನಿಯನ್ನು ಎತ್ತಿ, ಅದನ್ನು ಬೇರೆಯಾಗಿ ಬೆಳೆಸಿ, ಹೆಸರು ಗುರುತಿಸಿ, ಯಾವ ಔಷಧಿಗೆ ಬಗ್ಗುತ್ತದೆ ಎಂದು ಪರೀಕ್ಷಿಸುತ್ತಾರೆ. ಒಂದು ಕಾಲನಿ ಸಾಮಾನ್ಯವಾಗಿ ಒಂದೇ ಕೋಶದಿಂದ ಬೆಳೆದದ್ದು. ರಿಪೋರ್ಟಿನಲ್ಲಿರುವ ಪ್ರತಿಯೊಂದು ಮಾತೂ ಆ ಒಂದು ಕೋಶದ ಸಂತತಿಯನ್ನು ಕುರಿತದ್ದು. ಸಂತೆಗೆ ಬಂದವರಲ್ಲಿ ಒಬ್ಬರನ್ನು ತಡೆದು ಊರು ಕೇಳಿ, ಸಂತೆಗೆ ಬಂದವರೆಲ್ಲ ಆ ಊರಿನವರು ಎಂದು ಬರೆದಂತೆ ರಿಪೋರ್ಟನ್ನು ಓದಿದರೆ ತಪ್ಪುತ್ತದೆ.

ತಾಯಂದಿರು ಕೆಲಸಕ್ಕೆ ಹೋದಾಗ ಮಕ್ಕಳನ್ನು ನೋಡಿಕೊಳ್ಳುವ ಶಿಶುಕೇಂದ್ರಗಳಲ್ಲಿ ನಡೆದಿರುವ ಅಧ್ಯಯನಗಳು, ಒಂದೇ ಮಗುವಿನ ಗಂಟಲಿನಿಂದ ಹಲವು ಕಾಲನಿಗಳನ್ನು ಎತ್ತಿ ನೋಡಿದಾಗ ಹಿಮೋಫಿಲಸ್ ಇನ್‌ಫ್ಲುಯೆಂಜೆಯ ಒಂದಕ್ಕಿಂತ ಹೆಚ್ಚು ತಳಿಗಳು ಒಟ್ಟಿಗೆ ಸಿಗುವುದನ್ನೂ, ಜೊತೆಯಲ್ಲಿ ಆಡುವ ಮಕ್ಕಳ ನಡುವೆ ತಳಿಗಳು ಹಂಚಿಹೋಗುವುದನ್ನೂ ತೋರಿಸಿವೆ. ಈ ಮಗುವಿನ ಮೂರೂ ಸ್ವಾಬುಗಳಲ್ಲಿ ಒಂದೊಂದೇ ಕಾಲನಿ ಎತ್ತಲಾಗಿತ್ತು. ಮಾದರಿ ತೆಗೆದ ಜಾಗವೂ ಪ್ರತಿ ಸಲ ಬದಲಾಗಿತ್ತು: ಗಂಟಲಿನಲ್ಲಿ ಹಿಮೋಫಿಲಸ್ ಸುಲಭವಾಗಿ ಸಿಗುತ್ತದೆ, ನ್ಯೂಮೊಕಾಕಸ್ ಮೂಗಿನ ಹಿಂಭಾಗದಲ್ಲಿ ಹೆಚ್ಚು ಸಿಗುತ್ತದೆ. ಡಿಸೆಂಬರ್‌ನಲ್ಲೂ ಮೂಗಿನ ಸ್ವಾಬ್ ತೆಗೆದಿದ್ದರೆ ನ್ಯೂಮೊಕಾಕಸ್ ಆಗಲೇ ಸಿಕ್ಕಿರಬಹುದಿತ್ತು. ಜನವರಿಯ ರಿಪೋರ್ಟನ್ನು 'ಹೊಸ ರೋಗ' ಎಂದು ತಿಳಿದದ್ದಕ್ಕೆ ಆಧಾರವೇ ಇರಲಿಲ್ಲ.

ಮೂರನೆಯ ರಿಪೋರ್ಟಿನ ಬಗ್ಗೆ ಇನ್ನೊಂದು ಸಂದೇಹ ನನಗಿದೆ. ಹಿಮೋಫಿಲಸ್ ಹೀಮೋಲಿಟಿಕಸ್ ಎಂಬ ನೆಂಟ ಬ್ಯಾಕ್ಟೀರಿಯಾ ಆರೋಗ್ಯವಂತರ ಗಂಟಲಿನಲ್ಲಿ ಸಾಮಾನ್ಯವಾಗಿ ಇರುತ್ತದೆ. ಅದಕ್ಕೂ ಅದೇ ಎರಡು ಪೋಷಕಗಳು ಬೇಕು. ರಕ್ತವನ್ನು ಕರಗಿಸುವ ಗುಣವನ್ನು ಅದರ ಕೆಲವು ತಳಿಗಳು ಕಳೆದುಕೊಂಡಿರುವುದರಿಂದ ಸಾಮಾನ್ಯ ಪರೀಕ್ಷೆಗಳಲ್ಲಿ ಅದು ಇನ್‌ಫ್ಲುಯೆಂಜೆಯಂತೆಯೇ ಕಾಣುತ್ತದೆ. ಹೀಗೆ ತಪ್ಪಾಗಿ ಗುರುತಿಸುವುದು ಗಣನೀಯ ಪ್ರಮಾಣದಲ್ಲಿ ನಡೆಯುತ್ತದೆಂದು 2007ರಲ್ಲಿ ಪ್ರಕಟವಾದ ಅಧ್ಯಯನದ ನಂತರ ಒಪ್ಪಿತವಾಗಿದೆ. ಜೀನ್ ಪರೀಕ್ಷೆಯಿಲ್ಲದೆ ಎರಡನ್ನೂ ಬೇರ್ಪಡಿಸುವುದು ಕಷ್ಟ. ಜಿಲ್ಲೆಯ ಮಟ್ಟದ ಪ್ರಯೋಗಾಲಯಗಳಿಂದ ಅದನ್ನು ನಿರೀಕ್ಷಿಸುವುದು ನ್ಯಾಯವೂ ಅಲ್ಲ.

ಒಂದೇ ಹೆಸರಿನೊಳಗಿನ ಭಿನ್ನತೆ

ಒಂದೇ ಹೆಸರಿನ ಬ್ಯಾಕ್ಟೀರಿಯಾ ಇಷ್ಟು ಬಗೆಯಾಗಿರಲು ಕಾರಣವೇನು ಎಂಬುದು ಪ್ರಕರಣದ ತಿರುಳು.

ಹಿಮೋಫಿಲಸ್ ಇನ್‌ಫ್ಲುಯೆಂಜೆ ಸ್ವತಂತ್ರವಾಗಿ ಬದುಕುವ ಜೀವಿಗಳಲ್ಲಿ ಪೂರ್ಣ ಜೀನೋಮ್, ಅಂದರೆ ಡಿಎನ್ಎಯ ಇಡೀ ಬರಹ, ಓದಲ್ಪಟ್ಟ ಮೊದಲನೆಯದು. 1995ರಲ್ಲಿ ಪ್ರಕಟವಾದ ಆ ಜೀನೋಮಿನ ಉದ್ದ 18,30,137 ಅಕ್ಷರಗಳು. ಓದಿದ್ದು ಕೋಶವನ್ನು ಹೊರಗಿನಿಂದ ಸುತ್ತುವ ಕವಚವಿಲ್ಲದ, ರೋಗ ತರದ ಒಂದು ಪ್ರಯೋಗಾಲಯದ ತಳಿಯನ್ನು. ಆ ಪಠ್ಯ ಕೈಗೆ ಬಂದ ಮರುವರ್ಷವೇ, ನಾಲ್ಕಕ್ಷರದ ತುಣುಕುಗಳು ಸಾಲಾಗಿ ಮತ್ತೆ ಮತ್ತೆ ಬರುವ ಜೀನುಗಳು ಅದರಲ್ಲಿ ಎಲ್ಲೆಲ್ಲಿವೆ ಎಂದು ಸಂಶೋಧಕರು ಹುಡುಕಿ ತೆಗೆದರು. ಈ ಜೀನುಗಳ ಕೆಲಸ ಅಚ್ಚರಿ ಹುಟ್ಟಿಸುವಂಥದು. ಲಿಕ್1 ಎಂಬ ಜೀನ್ ಗುಂಪನ್ನೇ ನೋಡೋಣ. ಅದರ ಗುಟ್ಟು 1989ರಲ್ಲೇ ತಿಳಿದಿತ್ತು. ಅದರ ಮೊದಲ ಜೀನಿನ ಆರಂಭದಲ್ಲಿ ಸಿ-ಎ-ಎ-ಟಿ ಎಂಬ ತುಣುಕು ಒಂದರ ಬೆನ್ನಿಗೊಂದು ಹಲವು ಸಲ ಬರುತ್ತದೆ. ಕೋಶವು ಡಿಎನ್ಎಯನ್ನು ಮೂರು ಮೂರು ಅಕ್ಷರಗಳಾಗಿ ಓದಿ ಪ್ರೊಟೀನನ್ನು ಕಟ್ಟುತ್ತದೆ. ಡಿಎನ್ಎ ಪ್ರತಿಯಾಗುವಾಗ ಈ ಸಾಲಿನಲ್ಲಿ ಎಳೆ ಜಾರಿ ಒಂದು ತುಣುಕು ಹೆಚ್ಚಾದರೆ ಅಥವಾ ಕಳೆದುಹೋದರೆ, ಮುಂದಿನ ಓದು ನಾಲ್ಕು ಅಕ್ಷರ ಸರಿದು ಮೂರರ ಗುಂಪುಗಳೆಲ್ಲ ಕೆಡುತ್ತವೆ. ಪ್ರೊಟೀನು ಪೂರ್ತಿಯಾಗುವುದಿಲ್ಲ, ಜೀನು ಮುಚ್ಚಿಕೊಂಡಂತಾಗುತ್ತದೆ. ಮುಂದಿನ ಯಾವುದೋ ತಲೆಮಾರಿನಲ್ಲಿ ಇನ್ನೊಂದು ಜಾರುವಿಕೆ ಅದನ್ನು ಮರಳಿ ತೆರೆಯಬಹುದು.

ಈ ಜೀನು ತೆರೆದಿದ್ದರೆ ಬ್ಯಾಕ್ಟೀರಿಯಾದ ಹೊರಮೈಗೆ ಫಾಸ್ಫೊರಿಲ್‌ಕೋಲೀನ್ ಎಂಬ ಸಣ್ಣ ಅಣು ಸೇರುತ್ತದೆ. ಮೂಗಿನ ಒಳಪೊರೆಗೆ ಅಂಟಿಕೊಂಡಿರಲು ಅದು ನೆರವಾಗುತ್ತದೆ. ಆದರೆ ನಾವು ಆಸ್ಪತ್ರೆಯಲ್ಲಿ ಸೋಂಕಿನ ತೀವ್ರತೆ ಅಳೆಯಲು ರಕ್ತದಲ್ಲಿ ನೋಡುವ ಸಿಆರ್‌ಪಿ ಎಂಬ ಪ್ರೊಟೀನು ಹಿಡಿಯುವುದು ಇದೇ ಅಣುವನ್ನು. ಹಿಡಿದು, ಬ್ಯಾಕ್ಟೀರಿಯಾವನ್ನು ಕೊಲ್ಲುವ ವ್ಯವಸ್ಥೆಯನ್ನು ಎಬ್ಬಿಸುತ್ತದೆ. ಮೂಗಿನಲ್ಲಿ ಲಾಭವಾದದ್ದು ರಕ್ತದಲ್ಲಿ ಅಪಾಯವಾಗುತ್ತದೆ. ಹಾಗಾಗಿ ಒಂದೇ ಕೋಶದಿಂದ ಹುಟ್ಟಿದ ಗುಂಪಿನಲ್ಲೂ ಜೀನು ತೆರೆದವು ಕೆಲವು, ಮುಚ್ಚಿದವು ಕೆಲವು ಸದಾ ಇರುತ್ತವೆ. ಪರಿಸರ ಬದಲಾದಾಗ ಅದಕ್ಕೆ ಹೊಂದುವವು ಮುಂದೆ ಬರುತ್ತವೆ. ಇಂಥ ಜೀನುಗಳು ಹಲವಾರು ಇರುವುದರಿಂದ ತೆರೆದ-ಮುಚ್ಚಿದ ಜೋಡಣೆಗಳ ಸಂಖ್ಯೆ ಬಹಳ ದೊಡ್ಡದಾಗುತ್ತದೆ. ನ್ಯೂಮೊಕಾಕಸ್ ಇದೇ ಕೆಲಸವನ್ನು ಬೇರೆ ದಾರಿಯಲ್ಲಿ ಮಾಡುತ್ತದೆ: ತನ್ನ ಡಿಎನ್ಎಗೆ ರಾಸಾಯನಿಕ ಗುರುತು ಹಾಕುವ ಒಂದು ಜೀನಿನ ಭಾಗಗಳನ್ನು ಅದಲುಬದಲು ಮಾಡಿ ಆರು ರೂಪಗಳ ನಡುವೆ ಓಡಾಡುತ್ತದೆ, ಅದರೊಂದಿಗೆ ಹಲವು ಜೀನುಗಳ ಚಟುವಟಿಕೆಯೂ ಬದಲಾಗುತ್ತದೆ ಎಂದು 2014ರಲ್ಲಿ ತಿಳಿದುಬಂತು.

ಅಕ್ಷರ ಬದಲಾವಣೆ, ಅಂದರೆ ಸಾಮಾನ್ಯ ಮ್ಯುಟೇಶನ್, ಇದಕ್ಕೆ ಹೋಲಿಸಿದರೆ ನಿಧಾನ. ಪ್ರಪಂಚದಾದ್ಯಂತ ಹರಡಿದ ಒಂದು ನ್ಯೂಮೊಕಾಕಸ್ ವಂಶವನ್ನು ಅಳೆದು ನೋಡಿದಾಗ ಸುಮಾರು 22 ಲಕ್ಷ ಅಕ್ಷರಗಳ ಜೀನೋಮಿನಲ್ಲಿ ವರ್ಷಕ್ಕೆ ಮೂರು ನಾಲ್ಕು ಅಕ್ಷರ ಬದಲಾಗುತ್ತವೆ ಎಂದು ಕಂಡಿತ್ತು.

ದೊಡ್ಡ ಬದಲಾವಣೆ ಬರುವುದು ಕೊಡುಕೊಳ್ಳುವಿಕೆಯಿಂದ. ಸತ್ತ ನೆರೆಯವರ ಡಿಎನ್ಎ ತುಣುಕನ್ನು ಒಳಗೆಳೆದುಕೊಂಡು ತನ್ನ ಜೀನೋಮಿಗೆ ಸೇರಿಸಿಕೊಳ್ಳುವ ಶಕ್ತಿ ನ್ಯೂಮೊಕಾಕಸ್ ಮತ್ತು ಹಿಮೋಫಿಲಸ್ ಎರಡಕ್ಕೂ ಇದೆ. 1928ರಲ್ಲಿ ಲಂಡನ್ನಿನ ಫ್ರೆಡರಿಕ್ ಗ್ರಿಫಿತ್, ಕವಚವಿಲ್ಲದ ನ್ಯೂಮೊಕಾಕಸ್ ಜೊತೆಗೆ ಕಾಯಿಸಿ ಕೊಂದ ಕವಚವುಳ್ಳದ್ದನ್ನು ಇಲಿಗೆ ಚುಚ್ಚಿದಾಗ ಜೀವಂತವಾದವು ಕವಚವನ್ನು ಪಡೆದುಕೊಂಡವು. ಹಾಗೆ ದಾಟಿದ ವಸ್ತು ಡಿಎನ್ಎ ಎಂದು 1944ರಲ್ಲಿ ನ್ಯೂಯಾರ್ಕಿನಲ್ಲಿ ಏವರಿ, ಮ್ಯಾಕ್ಲಿಯಾಡ್, ಮೆಕಾರ್ಟಿ ತೋರಿಸಿದರು. ಆನುವಂಶಿಕತೆಯ ಮೂಲವಸ್ತು ಯಾವುದು ಎಂಬ ತಿಳಿವಳಿಕೆ ನಮಗೆ ಬಂದದ್ದು ಮಕ್ಕಳ ಮೂಗಿನ ಈ ನಿವಾಸಿಯಿಂದ ಎಂಬುದನ್ನು ನೆನೆದಾಗಲೆಲ್ಲ ನನಗೆ ಅದರ ಬಗ್ಗೆ ಒಂದು ಬಗೆಯ ಗೌರವ ಹುಟ್ಟುತ್ತದೆ. ಹಿಮೋಫಿಲಸ್ ಇನ್ನಷ್ಟು ಆಯ್ದುಕೊಳ್ಳುತ್ತದೆ: ಒಂಬತ್ತು ಅಕ್ಷರದ ಒಂದು ಗುರುತು ಇರುವ ಡಿಎನ್ಎಗೆ ಆದ್ಯತೆ ಕೊಡುತ್ತದೆ, ಆ ಗುರುತು ಅದರ ಸ್ವಂತ ಜೀನೋಮಿನಲ್ಲಿ 1,465 ಕಡೆ ಇದೆ. ಹಾಗಾಗಿ ಅದು ಹೆಚ್ಚಾಗಿ ಪಡೆಯುವುದು ತನ್ನ ಬಳಗದ ಡಿಎನ್ಎಯನ್ನೇ.

ಈ ವಿನಿಮಯ ಪ್ರಯೋಗಾಲಯಕ್ಕೆ ಸೀಮಿತವಲ್ಲ. ಥಾಯ್ಲೆಂಡ್-ಮ್ಯಾನ್ಮಾರ್ ಗಡಿಯ ಮೇಲಾ ನಿರಾಶ್ರಿತರ ಶಿಬಿರದ ಶಿಶುಗಳು ಮತ್ತು ತಾಯಂದಿರ ಮೂಗಿನಿಂದ ತೆಗೆದ 3,085 ನ್ಯೂಮೊಕಾಕಸ್ ಜೀನೋಮುಗಳನ್ನು ಓದಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗಕ್ಕಿಂತ ವಾಸಕ್ಕೇ ಹೆಚ್ಚು ಒಗ್ಗಿದ ಕವಚವಿಲ್ಲದ ತಳಿಗಳೇ ಡಿಎನ್ಎ ಕೊಡುಕೊಳ್ಳುವುದರಲ್ಲಿ ಮುಂದಿದ್ದವು. ಒಂದೇ ಮಗುವಿನಲ್ಲಿ ಏಳು ತಿಂಗಳ ಅವಧಿಯಲ್ಲಿ ಸಿಕ್ಕ ನ್ಯೂಮೊಕಾಕಸ್ ತಳಿಗಳನ್ನು ಹೋಲಿಸಿದ 2010ರ ಅಧ್ಯಯನವೊಂದರಲ್ಲಿ, ಒಂದು ವಂಶದ ಜೀನೋಮಿನ ನೂರಕ್ಕೆ ಏಳು ಭಾಗಕ್ಕಿಂತ ಹೆಚ್ಚು, ಜೊತೆಯಲ್ಲಿದ್ದ ಇನ್ನೊಂದು ತಳಿಯಿಂದ ಬಂದಿತ್ತು.

ಈಗ ಔಷಧಿಗೆ ಬಗ್ಗದಿರುವ ಗುಣಕ್ಕೆ ಬರೋಣ. ಹಿಮೋಫಿಲಸ್ ಸಾಮಾನ್ಯವಾಗಿ ಆಂಪಿಸಿಲಿನ್ನನ್ನು ಎದುರಿಸುವುದು ಅದನ್ನು ಒಡೆಯುವ ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವದಿಂದ. ಅದರ ಜೀನು ಒಂದು ಕೋಶದಿಂದ ಇನ್ನೊಂದಕ್ಕೆ ದಾಟಬಲ್ಲ ಡಿಎನ್ಎ ತುಣುಕಿನ ಮೇಲಿರುತ್ತದೆ. ಅದನ್ನು ಹೊತ್ತ ತಳಿಯೂ ಹೊರದ ತಳಿಯೂ ಒಂದೇ ಗಂಟಲಿನಲ್ಲಿ ಅಕ್ಕಪಕ್ಕ ಇರಬಲ್ಲವು. ನ್ಯೂಮೊಕಾಕಸ್ ಈ ಕಿಣ್ವವನ್ನು ಮಾಡುವುದೇ ಇಲ್ಲ. ಪೆನಿಸಿಲಿನ್ ಕಟ್ಟಿಹಾಕುವ ತನ್ನ ಪ್ರೊಟೀನುಗಳ ಜೀನುಗಳಲ್ಲಿ, ಬಾಯಿಯ ನಿರುಪದ್ರವಿ ಸ್ಟ್ರೆಪ್ಟೊಕಾಕಸ್‌ಗಳಿಂದ ಪಡೆದ ತುಂಡುಗಳನ್ನು ತೇಪೆ ಹಾಕಿಕೊಂಡು ಹಂತಹಂತವಾಗಿ ಬಗ್ಗದಂತಾಗುತ್ತದೆ.

ಇಷ್ಟನ್ನು ಇಟ್ಟುಕೊಂಡು ತಂದೆಗೆ ಕೊಟ್ಟ ಉತ್ತರ ಇದು: ಮೂರರಲ್ಲಿ ಯಾವುದೂ ಸುಳ್ಳಾಗಿರಬೇಕಿಲ್ಲ. ಡಿಸೆಂಬರ್‌ನ ಹಿಮೋಫಿಲಸ್ ಮತ್ತು ಫೆಬ್ರವರಿಯ ಹಿಮೋಫಿಲಸ್ ಒಂದೇ ಹೆಸರಿನ ಎರಡು ತಳಿಗಳಾಗಿರುವುದೇ ಹೆಚ್ಚು ಸಂಭವ. ಮೊದಲನೆಯದನ್ನು ಸಿರಪ್ಪು ಕಡಿಮೆ ಮಾಡಿದ ಮೇಲೆ, ಶಾಲೆಗೆ ಹೋಗುವ ಅಣ್ಣಂದಿರಿಂದ ಇನ್ನೊಂದು ಬಂದಿರಬಹುದು. ಅಥವಾ ಎರಡೂ ಮೊದಲಿನಿಂದಲೂ ಇದ್ದು, ಎತ್ತಿದ ಕಾಲನಿ ಬೇರೆಯಾಗಿರಬಹುದು. ಈ ಮಗುವಿನ ಬ್ಯಾಕ್ಟೀರಿಯಾಗಳ ಜೀನೋಮನ್ನು ಯಾರೂ ಓದಿಲ್ಲ, ಓದುವ ಅಗತ್ಯವೂ ಇರಲಿಲ್ಲ, ಏಕೆಂದರೆ ಯಾವ ಉತ್ತರ ಬಂದರೂ ಮಾಡಬೇಕಾದದ್ದು ಬದಲಾಗುತ್ತಿರಲಿಲ್ಲ. ಆಂಟಿಬಯೋಟಿಕ್ ಕೊಟ್ಟು ಮೂಗನ್ನು 'ಶುದ್ಧ' ಮಾಡಲು ಹೊರಟರೆ ಬಗ್ಗುವ ತಳಿಗಳು ಹೋಗಿ ಬಗ್ಗದವುಗಳಿಗೆ ಜಾಗ ತೆರವಾಗುತ್ತದೆ. ವಾರಗಳೊಳಗೆ ಮೂಗು ಮತ್ತೆ ತುಂಬುತ್ತದೆ.

ತಮ್ಮನ ಕಾಯಿಲೆ

ಹಾಗಾದರೆ ತಮ್ಮನಿಗೆ ಎಲ್ಲಿಂದ ಬಂತು? ಮನೆಯ ದೊಡ್ಡ ಮಕ್ಕಳಿಂದ ಎಳೆಯ ಶಿಶುಗಳಿಗೆ ಈ ಬ್ಯಾಕ್ಟೀರಿಯಾಗಳು ದಾಟುತ್ತವೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅಕ್ಕನ ಗಂಟಲಿನಲ್ಲಿ ಸಿಕ್ಕ ಹೆಸರೇ ತಮ್ಮನ ಶ್ವಾಸಕೋಶದಲ್ಲಿ ಸಿಕ್ಕಿದ್ದರೂ, ಒಂದೇ ತಳಿ ಎಂದು ಸಾಬೀತಾಗದೆ ಸಂಬಂಧ ಹೇಳಲಾಗದು. ಇಲ್ಲಿ ತಮ್ಮನಲ್ಲಿ ಏನೂ ಸಿಕ್ಕಿರಲೇ ಇಲ್ಲ. ಶಾಲೆಗೆ ಹೋಗುವ ಇಬ್ಬರು ಹುಡುಗರ ಮೂಗು ಯಾರೂ ನೋಡಿರಲಿಲ್ಲ. ಹುಡುಗಿಯೊಬ್ಬಳನ್ನೇ ಹಿಡಿದದ್ದು ಅವಳ ಮೂಗು ಸೋರುತ್ತಿತ್ತು ಎಂಬ ಕಾರಣಕ್ಕೆ ಮಾತ್ರ.

ನಾನು ಕೇಳಿದ ಒಂದು ಕಾಗದ ತಂದೆ ತಂದವುಗಳಲ್ಲಿ ಇರಲಿಲ್ಲ: ತಮ್ಮನ ಲಸಿಕೆಗಳನ್ನು ಬರೆದಿಡುವ ತಾಯಿ ಕಾರ್ಡು. ಮರುವಾರ ತಂದರು. ಬಾಣಂತನಕ್ಕೆಂದು ತಾಯಿ ತರೀಕೆರೆ ಕಡೆಯ ತವರಿಗೆ ಹೋದಾಗ ಕಾರ್ಡು ಗಂಡನ ಮನೆಯಲ್ಲೇ ಉಳಿದು, ಆರನೆಯ ವಾರದ ಲಸಿಕೆಗಳ ನಂತರದ ಎಲ್ಲ ಅಂಕಣಗಳೂ ಖಾಲಿಯಾಗಿದ್ದವು. ಆಸ್ಪತ್ರೆಯಿಂದ ಬಂದ ಮೇಲೂ, ಸೋತ ಮಗುವಿಗೆ ಸೂಜಿ ಬೇಡವೆಂದು ಮುಂದೂಡಿದ್ದರು. ನ್ಯೂಮೊಕಾಕಸ್ ಲಸಿಕೆ ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ 2017ರಲ್ಲಿ ಹಿಮಾಚಲ ಪ್ರದೇಶ ಮತ್ತು ಬಿಹಾರ, ಉತ್ತರ ಪ್ರದೇಶಗಳ ಕೆಲವು ಭಾಗಗಳಲ್ಲಿ ಬಂದು, 2021ರಲ್ಲಿ ದೇಶವಿಡೀ ಹರಡಿತು. 6 ವಾರ, 14 ವಾರ ಮತ್ತು 9 ತಿಂಗಳಿಗೆ ಉಚಿತವಾಗಿ ಕೊಡುತ್ತಾರೆ. ಹಿಮೋಫಿಲಸ್‌ನ ಬಿ ಎಂಬ ಕವಚದ ಬಗೆಯ ವಿರುದ್ಧದ ಲಸಿಕೆ ಪೆಂಟಾವೇಲೆಂಟ್ ಎಂಬ ಸಂಯುಕ್ತ ಲಸಿಕೆಯೊಳಗಿದೆ; ಅದು 6, 10 ಮತ್ತು 14 ವಾರಕ್ಕೆ.

ಲಸಿಕೆಯ ಮಿತಿಯನ್ನೂ ಭಿನ್ನತೆಯೇ ನಿರ್ಧರಿಸುತ್ತದೆ. ನ್ಯೂಮೊಕಾಕಸ್ ಕವಚಗಳಲ್ಲಿ ನೂರಕ್ಕೂ ಹೆಚ್ಚು ಬಗೆ ಗುರುತಾಗಿವೆ. ಲಸಿಕೆಗಳು ಅವುಗಳಲ್ಲಿ ಗಂಭೀರ ರೋಗಕ್ಕೆ ಹೆಚ್ಚಾಗಿ ಕಾರಣವಾಗುವ ಹತ್ತು, ಹದಿಮೂರು ಅಥವಾ ಸ್ವಲ್ಪ ಹೆಚ್ಚು ಬಗೆಗಳನ್ನು ಗುರಿಯಾಗಿಸುತ್ತವೆ. ಲಸಿಕೆ ಪಡೆದ ಮಕ್ಕಳ ಮೂಗಿನಲ್ಲಿ ಆ ಬಗೆಗಳು ಕಡಿಮೆಯಾಗುತ್ತವೆ, ಅದರಿಂದ ಲಸಿಕೆ ಪಡೆಯದ ಮನೆಯವರಿಗೂ ರಕ್ಷಣೆ ಸಿಗುತ್ತದೆ. ತೆರವಾದ ಜಾಗಕ್ಕೆ ಬೇರೆ ಬಗೆಗಳು ಬರುತ್ತವೆ. ಮೂಗು ಖಾಲಿಯಾಗುವುದಿಲ್ಲ, ಅಪಾಯ ಇಳಿಯುತ್ತದೆ. ಹುಡುಗಿಯ ಪೆಂಟಾವೇಲೆಂಟ್ ಮೂರೂ ಡೋಸುಗಳು ಪೂರ್ಣವಾಗಿದ್ದವು, ಆದ್ದರಿಂದ ಅವಳಲ್ಲಿ ಸಿಕ್ಕ ಹಿಮೋಫಿಲಸ್ ಕವಚವಿಲ್ಲದ ಬಗೆಯದ್ದೇ ಆಗಿರುವ ಸಂಭವ ಹೆಚ್ಚು. ಅಂಥವುಗಳ ಮೇಲೆ ಈ ಲಸಿಕೆ ಕೆಲಸ ಮಾಡುವುದಿಲ್ಲ, ಅವು ರಕ್ತಕ್ಕೆ ಇಳಿಯುವುದೂ ವಿರಳ.

ಮನೆಯ ಗಾಳಿಯ ವಿಚಾರವೂ ಬಂತು. ಶಿಶುವನ್ನು ದಿನವೂ ಸೌದೆ ಉರಿಯುವ ಬಚ್ಚಲುಮನೆಯಲ್ಲಿ ಮೀಯಿಸಿ, ಮೇಲೆ ಸಾಂಬ್ರಾಣಿ ಹೊಗೆ ಹಾಕುತ್ತಿದ್ದರು. ಮನೆಯೊಳಗಿನ ಹೊಗೆ ಎಳೆಯ ಮಕ್ಕಳ ನ್ಯುಮೋನಿಯಾದ ಅಪಾಯವನ್ನು ಹೆಚ್ಚಿಸುತ್ತದೆ. ಅಕ್ಕನನ್ನು ದೂರವಿಟ್ಟು ಹೊಗೆಯನ್ನು ಹತ್ತಿರವಿಟ್ಟುಕೊಂಡದ್ದು ಅಜ್ಜಿಗೆ ತಾನಾಗಿಯೇ ಹೊಳೆಯಿತು, ನಾನು ಹೇಳಬೇಕಾಗಲಿಲ್ಲ.

ಕೈಗೊಂಡ ಕ್ರಮ ಮತ್ತು ಮುಂದಿನ ಬೆಳವಣಿಗೆ

ಹುಡುಗಿಗೆ ಯಾವ ಔಷಧಿಯನ್ನೂ ಬರೆಯಲಿಲ್ಲ. ಆರೋಗ್ಯವಾಗಿರುವಾಗ ಮೂಗು-ಗಂಟಲಿನ ಸ್ವಾಬ್ ತೆಗೆಸಬಾರದು ಎಂದು ಅವಳ ಪುಸ್ತಕದಲ್ಲಿ ಬರೆದೆ. ಜ್ವರದೊಂದಿಗೆ ತೀವ್ರ ಗಂಟಲುನೋವು, ಗಂಟಲಮಾರಿಯ ಅಥವಾ ನಾಯಿಕೆಮ್ಮಿನ ಶಂಕೆ ಇದ್ದಾಗ ಸ್ವಾಬಿಗೆ ಅದರದೇ ಸ್ಥಾನವಿದೆ. ಆರೋಗ್ಯವಂತ ಮಕ್ಕಳ ಸ್ವಾಬುಗಳಿಗೂ ಬೆಲೆಯಿದೆ, ಅದು ಸಮೀಕ್ಷೆಯಲ್ಲಿ: ಊರಿನಲ್ಲಿ ಯಾವ ಬಗೆಗಳು ಓಡಾಡುತ್ತಿವೆ, ಲಸಿಕೆ ಅವುಗಳನ್ನು ಹೇಗೆ ಬದಲಿಸಿದೆ ಎಂದು ತಿಳಿಯಲು ನೂರಾರು ಮಕ್ಕಳಿಂದ ಒಂದೇ ಕ್ರಮದಲ್ಲಿ ತೆಗೆದಾಗ. ಒಂದು ಮಗುವಿನ ಚಿಕಿತ್ಸೆಗೆ ಅದನ್ನು ಆಧಾರ ಮಾಡುವುದು ಬೇಡ ಎಂಬ ಮಾತನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಇಂಥ ರಿಪೋರ್ಟುಗಳನ್ನು ಹಿಡಿದು ಬರುವವರು ಈ ಕುಟುಂಬವೊಂದೇ ಅಲ್ಲ.

ಮಾರ್ಚ್ ಮೊದಲ ವಾರ ಹುಡುಗಿ ಅಂಗನವಾಡಿಗೆ ಮರಳಿದಳು. ತಟ್ಟೆ ಲೋಟಗಳು ಮತ್ತೆ ಒಂದಾದವು. ಉಣ್ಣುವ ಮೊದಲು ಮತ್ತು ಮೂಗು ಒರೆಸಿದ ಮೇಲೆ ಕೈ ತೊಳೆಯುವುದು ಎಲ್ಲ ಮಕ್ಕಳಿಗೂ ಅನ್ವಯ ಎಂದು ಹೇಳಿದ್ದೆ. ತಮ್ಮನಿಗೆ ತಪ್ಪಿದ ಪೆಂಟಾವೇಲೆಂಟ್ ಮತ್ತು ನ್ಯೂಮೊಕಾಕಸ್ ಡೋಸುಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮತ್ತೆ ಶುರುಮಾಡಿ, ಬೇಕಾದ ಅಂತರವಿಟ್ಟು ಮಗುವಿಗೆ ಒಂಬತ್ತು ತಿಂಗಳು ತುಂಬಿದ ಮೇಲೆ ಬೂಸ್ಟರನ್ನೂ ಹಾಕಿಸಿದರು. ಮೀಯಿಸುವ ನೀರನ್ನು ಹೊರಗೆ ಕಾಯಿಸಿ ತರುತ್ತಾರೆ, ಸಾಂಬ್ರಾಣಿ ನಿಂತಿದೆ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಹುಡುಗಿಗೆ ನೆಗಡಿಯಾಗಿ, ನಾಲ್ಕನೆಯ ದಿನ ಜ್ವರ ಮತ್ತು ಬಲಗಿವಿಯ ನೋವು ಬಂತು. ಕಿವಿಪೊರೆ ಕೆಂಪಾಗಿ ಉಬ್ಬಿತ್ತು. ಈ ಸಲ ಅದು ನಿಜವಾದ ಕಾಯಿಲೆ. ಮೂರು ರಿಪೋರ್ಟುಗಳಲ್ಲಿ ಯಾವುದನ್ನು ನೋಡಿ ಔಷಧಿ ಕೊಡುತ್ತೀರಿ ಎಂದು ತಂದೆ ಕೇಳಿದರು. ಯಾವುದನ್ನೂ ನೋಡಲಿಲ್ಲ, ಏಕೆಂದರೆ ಚಳಿಗಾಲದಲ್ಲಿದ್ದ ತಳಿಗಳು ಈ ಹೊತ್ತಿಗೆ ಅವಳಲ್ಲಿ ಇರುವ ಸಂಭವ ಕಡಿಮೆ. ಅಮಾಕ್ಸಿಸಿಲಿನ್ನನ್ನು ತೂಕದ ಪ್ರತಿ ಕಿಲೋಗೆ ದಿನಕ್ಕೆ 80ರಿಂದ 90 ಮಿಲಿಗ್ರಾಂ ಲೆಕ್ಕದಲ್ಲಿ ಬರೆದೆ. ನ್ಯೂಮೊಕಾಕಸ್ ತೇಪೆ ಹಾಕಿಕೊಂಡ ಜೀನುಗಳಿಂದ ಅರೆಬರೆ ಬಗ್ಗದಂತಾಗಿದ್ದರೂ ಹೆಚ್ಚಿನ ಪ್ರಮಾಣದ ಎದುರು ಸಾಮಾನ್ಯವಾಗಿ ನಿಲ್ಲಲಾರದು. ಕಿಣ್ವದಿಂದ ಔಷಧಿ ಒಡೆಯುವ ಹಿಮೋಫಿಲಸ್ ಇದ್ದರೆ ಪ್ರಮಾಣ ಹೆಚ್ಚಿಸಿ ಪ್ರಯೋಜನವಿಲ್ಲ, ಆಗ ಆ ಕಿಣ್ವವನ್ನು ತಡೆಯುವ ಕ್ಲಾವುಲನೇಟ್ ಸೇರಿದ ಸಿರಪ್ಪು ಬೇಕಾಗುತ್ತದೆ. ಆದ್ದರಿಂದ ಎರಡು ಮೂರು ದಿನದಲ್ಲಿ ಜ್ವರ ಇಳಿಯದಿದ್ದರೆ ಕೂಡಲೇ ಕರೆತರಬೇಕೆಂದೂ, ಕಿವಿ ಸೋರಿದರೆ ಆ ಕೀವಿನ ಕಲ್ಚರ್ ಮಾಡಿಸೋಣವೆಂದೂ ಹೇಳಿದೆ. ಎರಡನೆಯ ದಿನಕ್ಕೆ ಜ್ವರ ಬಿಟ್ಟಿತು. ಕಿವಿ ಸೋರಲಿಲ್ಲ, ಸ್ವಾಬ್ ತೆಗೆಯಲಿಲ್ಲ. ಕಿವಿಪೊರೆಯ ಹಿಂದೆ ಉಳಿದಿದ್ದ ನೀರು ಆಗಸ್ಟ್ ತಿಂಗಳ ತಪಾಸಣೆಯಲ್ಲಿ ಪೂರ್ತಿ ಹೋಗಿತ್ತು.